ಬರ್ಲಿನ್ ಗೋಡೆಗಳ ಮುಂದೆ ಐದು ದಿನ, ಒಂದು ಬೆಳಿಗ್ಗೆ

ಅಕ್ಕನ ಮಗಳು ಬರ್ಲಿನ್‌ನಲ್ಲಿ ಎಂಎಸ್ ಓದುತ್ತಿದ್ದಾಳೆ. ಅವಳ ರೂಮು ಇರುವುದು ವೆಡಿಂಗ್ ಅನ್ನುವ ಬಡಾವಣೆಯಲ್ಲಿ. ಊರಿನ ನೆಂಟರ ಮುಂದೆ ಆ ಹೆಸರು ಹೇಳುವುದೇ ಕಷ್ಟ. "ವೆಡ್ಡಿಂಗಾ? ಯಾವಾಗ? ನಮಗೆ ಹೇಳಲೇ ಇಲ್ಲ" ಅಂತಾರೆ.

ಕಳೆದ ಮೇ ತಿಂಗಳಲ್ಲಿ ಆಫೀಸಿನ ಕೆಲಸಕ್ಕೆ ಫ್ರಾಂಕ್‌ಫರ್ಟ್‌ಗೆ ಹೋಗಿದ್ದೆ. ಕೆಲಸ ಮುಗಿದ ಮೇಲೆ ಒಂದು ವಾರ ರಜೆ ಹಾಕಿ ಬರ್ಲಿನ್ ರೈಲು ಹತ್ತಿದೆ. ಬುಧವಾರ ರಾತ್ರಿ ಸ್ಟೇಷನ್ನಿಗೆ ಕರೆದುಕೊಂಡು ಹೋಗಲು ಬಂದಿದ್ದ ಪುಟ್ಟಿ (ಮನೆಯಲ್ಲಿ ಅವಳನ್ನು ಕರೆಯುವುದೇ ಹಾಗೆ) ಕೇಳಿದಳು. "ಏನೇನು ನೋಡ್ಬೇಕು ಮಾಮ? ಮ್ಯೂಸಿಯಂ? ಚರ್ಚು?"

"ಗೋಡೆ," ಅಂದೆ.

"ಒಂದು ಗೋಡೆಗೆ ಐದು ದಿನಾನಾ?"

"ಒಂದಲ್ಲ ಕಣೇ. ಸಿಕ್ಕಿದ್ದೆಲ್ಲ."

ಅವಳು ನನ್ನ ಬ್ಯಾಗಿನ ಭಾರ ನೋಡಿ ಸುಮ್ಮನಾದಳು. ಅದರಲ್ಲಿ ಕ್ಯಾಮೆರಾ, ಎರಡು ಲೆನ್ಸು, ಮೂರು ಬ್ಯಾಟರಿ ಇದ್ದವು. ಅಕ್ಕ ಕಳಿಸಿದ್ದ ಎರಡು ಕೆಜಿ ಸಾರಿನ ಪುಡಿಯೂ ಇತ್ತು.

ಗುರುವಾರ

ಬರ್ಲಿನ್‌ನಲ್ಲಿ ಗೋಡೆ ನೋಡುವವರು ಮೊದಲು ಹೋಗುವುದು ಈಸ್ಟ್ ಸೈಡ್ ಗ್ಯಾಲರಿಗೆ. ನಾನೂ ಅದನ್ನೇ ಮಾಡಿದೆ. ಸ್ಪ್ರೇ ನದಿಯ ದಡದಲ್ಲಿ, ಮ್ಯೂಲೆನ್‌ಸ್ಟ್ರಾಸ ಅನ್ನುವ ರಸ್ತೆಯ ಉದ್ದಕ್ಕೆ ನಿಂತಿರುವ, ಊರನ್ನು ಪೂರ್ವ-ಪಶ್ಚಿಮ ಅಂತ ಸೀಳಿದ್ದ ಬರ್ಲಿನ್ ಗೋಡೆಯ ತುಂಡು ಇದು. ಉದ್ದ 1,316 ಮೀಟರ್. ಹೌದು, ನದಿಯ ಹೆಸರೂ ಸ್ಪ್ರೇ, ಕೈಯಲ್ಲಿ ಹಿಡಿಯುವ ಬಣ್ಣದ ಡಬ್ಬಿಯ ಹೆಸರೂ ಸ್ಪ್ರೇ. ಈ ತಮಾಷೆಯನ್ನು ನಾನು ಮೂರು ಸಲ ಹೇಳಿದೆ. ಪುಟ್ಟಿ ಒಂದು ಸಲವೂ ನಗಲಿಲ್ಲ.

ಹೆಸರಿನಲ್ಲಿರುವ 'ಈಸ್ಟ್' ಸುಮ್ನೆ ಬಂದಿದ್ದಲ್ಲ. ಗೋಡೆ ಇದ್ದ ಕಾಲದಲ್ಲಿ ಬಣ್ಣ ಬಳಿಯುತ್ತಿದ್ದುದು ಪಶ್ಚಿಮದ ಕಡೆಯವರು ಮಾತ್ರ. ಪೂರ್ವದ ಕಡೆ ಗೋಡೆ ಖಾಲಿ ಇರಬೇಕಿತ್ತು. ಓಡಿಹೋಗುವವರು ಕಾವಲುಗಾರರ ಕಣ್ಣಿಗೆ ಬೀಳಬೇಕಲ್ಲ, ಅದಕ್ಕೆ ಆ ಕಡೆ ತಿಳಿಬಣ್ಣ. ಪಶ್ಚಿಮದಲ್ಲೂ ಅದು ಆರಾಮದ ಕೆಲಸವಾಗಿರಲಿಲ್ಲ. ಗೋಡೆಯನ್ನು ಪೂರ್ವದವರು ಗಡಿಯಿಂದ ಸ್ವಲ್ಪ ಒಳಗೆ, ತಮ್ಮ ನೆಲದಲ್ಲೇ ಕಟ್ಟಿದ್ದರು. ಅಂದರೆ ಈ ಕಡೆಯಿಂದ ಬಂದು ಬ್ರಷ್ ಹಿಡಿದವನೂ ನಿಂತಿರುತ್ತಿದ್ದುದು ಪೂರ್ವ ಜರ್ಮನಿಯ ಮಣ್ಣಿನ ಮೇಲೆ. 1984ರಲ್ಲಿ ಶುರು ಮಾಡಿದ ಫ್ರೆಂಚ್ ಕಲಾವಿದ ತಿಯೆರಿ ನ್ವಾರ್ ಅದಕ್ಕೇ ದೊಡ್ಡ ತುಟಿ, ಒಂದೇ ಗೆರೆ, ಎರಡು ಮೂರು ಬಣ್ಣದ ತಲೆಗಳನ್ನು ಸರಸರ ಬರೆದು ಮುಗಿಸುತ್ತಿದ್ದ. ಇವತ್ತು ಅದು ಅವನ ಶೈಲಿ ಅನ್ನಿಸಿಕೊಂಡಿದೆ. ಮೂಲದಲ್ಲಿ ಅದು ಅವಸರ.

1989ರ ನವೆಂಬರ್ 9ಕ್ಕೆ ಗಡಿ ತೆರೆಯಿತು. ಮರುವರ್ಷ 21 ದೇಶಗಳ 118 ಕಲಾವಿದರು ಬಂದು ಈ ಪೂರ್ವದ ಮುಖದ ಮೇಲೆ ಬರೆದರು. ಸೋವಿಯತ್ ನಾಯಕ ಬ್ರೆಜ್ನೆವ್ ಮತ್ತು ಪೂರ್ವ ಜರ್ಮನಿಯ ನಾಯಕ ಹೊನೆಕರ್ ಬಾಯಿಗೆ ಬಾಯಿ ಇಟ್ಟಿರುವ ಚಿತ್ರವನ್ನು ನೀವು ಎಲ್ಲಾದರೂ ನೋಡೇ ಇರುತ್ತೀರಿ. ಅದನ್ನು ಬರೆದದ್ದು ರಷ್ಯಾದ ದ್ಮಿತ್ರಿ ವ್ರುಬೆಲ್. 1979ರಲ್ಲಿ ತೆಗೆದ ಒಂದು ಪತ್ರಿಕಾ ಫೋಟೊ ನೋಡಿಕೊಂಡು ಬರೆದದ್ದು. ಈಗ ಅಲ್ಲಿರುವುದು 1990ರ ಬಣ್ಣವೂ ಅಲ್ಲ. 2009ರಲ್ಲಿ ಗೋಡೆ ರಿಪೇರಿ ಮಾಡಿಸಿ ಕಲಾವಿದರ ಕೈಯಲ್ಲೇ ಮತ್ತೆ ಬರೆಸಿದರು.

ನಾನು ಹೋಗಿದ್ದು ಸಂಜೆ ನಾಲ್ಕಕ್ಕೆ. ತಪ್ಪು ಅಲ್ಲೇ ಆಯಿತು. ಚಿತ್ರ ಇರುವ ಮುಖ ಈಶಾನ್ಯಕ್ಕೆ ತಿರುಗಿದೆ. ಮಧ್ಯಾಹ್ನದ ಮೇಲೆ ಸೂರ್ಯ ಗೋಡೆಯ ಹಿಂದೆ ಹೋಗುತ್ತಾನೆ. ಚಿತ್ರಕ್ಕೆ ಬೆಳಕು ಅಳತೆ ಮಾಡಿದರೆ ಆಕಾಶ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಆಕಾಶ ಉಳಿಸಿಕೊಂಡರೆ ಗೋಡೆ ಮಸಿ. ಕೊನೆಗೆ ಆಕಾಶದ ಆಸೆ ಬಿಟ್ಟು ಬರೀ ಚಿತ್ರಗಳನ್ನು ತೆಗೆದೆ. ನೇರ ಎದುರು ನಿಂತು, ಅಂಚಿಗೆ ಅಂಚು ಕೂಡಿಸಿ, ಒಂದು ಗೆರೆಯೂ ವಾಲದ ಹಾಗೆ. ಸುಮಾರು ಇನ್ನೂರು ಫೋಟೊ.

ರಾತ್ರಿ ಪುಟ್ಟಿ ಉಪ್ಪಿಟ್ಟು ಮಾಡಿದ್ದಳು. ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ತೋರಿಸಿದೆ. ಅವಳು ತಟ್ಟೆ ಹಿಡಿದುಕೊಂಡೇ ನೋಡಿದಳು.

"ಚೆನ್ನಾಗಿದೆ ಮಾಮ. ಆದ್ರೆ ಇದೆಲ್ಲ ಪೋಸ್ಟ್‌ಕಾರ್ಡ್. ಸ್ಟೇಷನ್ ಅಂಗಡೀಲಿ ಸಿಗುತ್ತೆ. ನೀನು ಇಷ್ಟು ದೂರ ಯಾಕೆ ಬಂದೆ?"

ನನಗೆ ಸ್ವಲ್ಪ ಕೋಪವೇ ಬಂತು. ಆದರೆ ಮಲಗಿದ ಮೇಲೆ ಬೆಂಗಳೂರಿನ ಹುಲಿ ನೆನಪಾಯಿತು. 2009ರಲ್ಲಿ ಬೆಂಗಳೂರು ಪಾಲಿಕೆ ಸಿನಿಮಾ ಬ್ಯಾನರ್ ಬರೆಯುತ್ತಿದ್ದ ಕಲಾವಿದರಿಂದ ರಸ್ತೆ ಬದಿಯ ಗೋಡೆಗಳ ಮೇಲೆ ಚಿತ್ರ ಬರೆಸಿತ್ತು. ಆಗ ಸ್ಕೂಟರಿನಲ್ಲಿ ಸುತ್ತಿ ರಾಶಿ ಫೋಟೊ ತೆಗೆದಿದ್ದೆ. ಅವುಗಳಲ್ಲಿ ಒಂದು ಹುಲಿ ಇದೆ. ಒಳ್ಳೇ ಹುಲಿ. ಆದರೆ ಅದು ಯಾವ ರಸ್ತೆಯ ಹುಲಿ ಅಂತ ನನಗೇ ಗೊತ್ತಾಗುವುದಿಲ್ಲ. ಫುಟ್‌ಪಾತ್ ಇಲ್ಲ, ಲೈಟುಕಂಬ ಇಲ್ಲ, ಎಳನೀರಿನ ಗಾಡಿ ಇಲ್ಲ. ಎಲ್ಲವನ್ನೂ ನೀಟಾಗಿ ಕತ್ತರಿಸಿಬಿಟ್ಟಿದ್ದೆ. ಗೋಡೆಯೂ ಈಗ ಇಲ್ಲ.

ಶುಕ್ರವಾರ

ಬೆಳಿಗ್ಗೆ ಐದಕ್ಕೇ ಬೆಳಕು ಹರಿಯಿತು. ಪುಟ್ಟಿಯನ್ನು ಎಬ್ಬಿಸದೆ ಒಬ್ಬನೇ ಅದೇ ಗೋಡೆಗೆ ಹೋದೆ. ಆರು ಗಂಟೆಗೆ ಬಿಸಿಲು ನನ್ನ ಬೆನ್ನ ಮೇಲಿತ್ತು, ಚಿತ್ರಗಳ ಮುಖದ ಮೇಲಿತ್ತು. ಪ್ರವಾಸಿಗಳು ಯಾರೂ ಇಲ್ಲ. ಒಬ್ಬ ಓಡುವವನು, ಒಂದು ನಾಯಿ, ರಾತ್ರಿಯ ಪಾರ್ಟಿ ಮುಗಿಸಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದ ಇಬ್ಬರು ಹುಡುಗಿಯರು. ಬಿರ್ಗಿಟ್ ಕಿಂಡರ್ ಬರೆದ, ಪೂರ್ವ ಜರ್ಮನಿಯ ಟ್ರಾಬಾಂಟ್ ಕಾರು ಗೋಡೆ ಒಡೆದುಕೊಂಡು ಬರುತ್ತಿದೆ. ನಂಬರ್ ಪ್ಲೇಟಿನಲ್ಲಿ ಗೋಡೆ ಬಿದ್ದ ದಿನದ ತಾರೀಖಿದೆ. ಅದರ ಮುಂದೆ ಕಸ ಎತ್ತುವ ನಿಜವಾದ ಲಾರಿ ಬಂದು ನಿಂತಿತು. ನಿನ್ನೆಯಾಗಿದ್ದರೆ ಲಾರಿ ಹೋಗಲಿ ಅಂತ ಕಾಯುತ್ತಿದ್ದೆ. ಇವತ್ತು ಲಾರಿ ಇರುವಾಗಲೇ ತೆಗೆದೆ.

ಹತ್ತಿರ ಹೋಗಿ ನೋಡಿದರೆ ಚಿತ್ರಗಳ ಮೇಲೆಲ್ಲ ಪೆನ್ನಿನಲ್ಲಿ ಬರೆದ ಹೆಸರುಗಳು. ಜಗತ್ತಿನ ಎಲ್ಲ ಲಿಪಿಗಳೂ ಇದ್ದವು. ಒಂದು ಕಡೆ ಕನ್ನಡದಲ್ಲೇ ಎರಡು ಹೆಸರು, ನಡುವೆ ಬಾಣ ಚುಚ್ಚಿದ ಹೃದಯ. ಹಂಪಿಯ ಕಂಬಕ್ಕೆ ಅಂಟಿದ ಕಾಯಿಲೆ ವೀಸಾ ತೆಗೆದುಕೊಂಡು ಇಲ್ಲಿಗೂ ಬಂದಿದೆ. ನಾಚಿಕೆಯಾಯಿತು. ಕನ್ನಡ ಅಕ್ಷರ ಕಂಡ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಒಂಬತ್ತಕ್ಕೆ ಓಬರ್‌ಬಾಮ್ ಸೇತುವೆಯ ಹತ್ತಿರ ಪುಟ್ಟಿ ಬಂದಳು. ಕೆಂಪು ಇಟ್ಟಿಗೆಯ ಆ ಸೇತುವೆ ದಾಟಿದರೆ ಕ್ರಾಯ್ಸ್‌ಬರ್ಗ್. ನನಗೆ ಇಡೀ ಪ್ರವಾಸದಲ್ಲಿ ಜಾಸ್ತಿ ಇಷ್ಟವಾದ ಜಾಗ ಇದೇ. ಸೇತುವೆ ಮೇಲಿಂದಲೇ ಒಂದು ಗುಲಾಬಿ ದೈತ್ಯ ಕಾಣುತ್ತಾನೆ. ಇಟಲಿಯ ಬ್ಲೂ ಅನ್ನುವ ಕಲಾವಿದ 2007ರಲ್ಲಿ ಬರೆದದ್ದು. ಆ ದೈತ್ಯನ ಮೈ ತುಂಬ ನೂರಾರು ಪುಟ್ಟ ಬೆತ್ತಲೆ ದೇಹಗಳು, ಇರುವೆ ಮುತ್ತಿದ ಹಾಗೆ. ಅವನ ಬೆರಳ ಮೇಲೆ ಒಬ್ಬ ಬಿಳಿ ಮನುಷ್ಯ ಮುದುರಿ ಕೂತಿದ್ದಾನೆ. ದೈತ್ಯ ಬಾಯಿ ತೆರೆದಿದ್ದಾನೆ.

ಅಲ್ಲಿಂದ ಐದು ನಿಮಿಷ ನಡೆದರೆ ಕೂವ್ರಿಸ್ಟ್ರಾಸ. ಇಲ್ಲಿ ನೋಡುವುದಕ್ಕೆ ಏನೂ ಇಲ್ಲ. ನಾನು ಬಂದಿದ್ದು ಅದನ್ನು ನೋಡುವುದಕ್ಕೇ. ಖಾಲಿ ಸೈಟಿನ ಪಕ್ಕದ ಎರಡು ಗೋಡೆಗಳ ಮೇಲೆ ಇದೇ ಬ್ಲೂ ಬರೆದ ಎರಡು ದೊಡ್ಡ ಚಿತ್ರಗಳಿದ್ದವು. ಒಂದರಲ್ಲಿ ಟೈ ಸರಿಮಾಡಿಕೊಳ್ಳುವ ತಲೆಯಿಲ್ಲದ ಮನುಷ್ಯ, ಅವನ ಎರಡೂ ಕೈಗೆ ಚಿನ್ನದ ವಾಚು. ಆ ವಾಚುಗಳೇ ಸರಪಣಿ ಹಾಕಿದ ಬೇಡಿ. ಊರಿನ ಗೈಡ್ ಪುಸ್ತಕಗಳಿಗೆಲ್ಲ ಈ ಚಿತ್ರ ಬೇಕಾಯಿತು. ಏರಿಯಾದ ಬೆಲೆ ಏರಿತು, ಬಾಡಿಗೆಗೆ ಇದ್ದವರಿಗೆ ಕಷ್ಟವಾಯಿತು, ಸೈಟಿನಲ್ಲಿ ದೊಡ್ಡ ಕಟ್ಟಡ ಕಟ್ಟುವ ಮಾತು ಬಂತು. 2014ರ ಡಿಸೆಂಬರ್‌ನ ಒಂದು ರಾತ್ರಿ ಆ ಚಿತ್ರಗಳಿಗೆ ಕಪ್ಪು ಬಣ್ಣ ಬಳಿದುಬಿಟ್ಟರು. ಬಳಿದವರು ಕಟ್ಟಡದವರಲ್ಲ. ಚಿತ್ರದ ಕಡೆಯವರೇ, ಬ್ಲೂ ಒಪ್ಪಿಗೆಯ ಮೇಲೆ. ನಮ್ಮ ಚಿತ್ರ ತೋರಿಸಿ ನಿಮ್ಮ ಫ್ಲಾಟು ಮಾರಬೇಡಿ ಅನ್ನುವ ಹಾಗೆ.

ಈಗ ಅಲ್ಲಿ ಆಫೀಸು ಕಟ್ಟಡ ನಿಂತಿದೆ. ಅದರ ಗಾಜಿನಲ್ಲಿ ಎದುರು ಮನೆಯ ಬಾಲ್ಕನಿ, ಒಣಹಾಕಿದ ಬಟ್ಟೆ, ಕ್ಯಾಮೆರಾ ಹಿಡಿದ ನಾನು. ಒಂದೇ ಒಂದು ಫೋಟೊ ತೆಗೆದೆ.

ಆಪ್ಪೆಲ್ನರ್ ರಸ್ತೆಯಲ್ಲಿ ಬ್ರೆಜಿಲ್‌ನ ಅವಳಿ ಸಹೋದರರು ಓಸ್ ಜೆಮಿಯೊಸ್ 2005ರಲ್ಲಿ ಬರೆದ ಹಳದಿ ಮನುಷ್ಯ ಇದ್ದಾನೆ. ಆರಾನಿಯನ್ ರಸ್ತೆಯ ಕಡೆ ಬೆಲ್ಜಿಯಂನ ರೋವಾ ಬರೆದ ಪ್ರಾಣಿಗಳು, ಕಸಾಯಿಖಾನೆಯಲ್ಲಿ ನೇತುಹಾಕಿದ ಹಾಗೆ ತಲೆಕೆಳಗಾಗಿ. ಇವೆಲ್ಲ ಅನುಮತಿ ಪಡೆದು, ದಿನಗಟ್ಟಲೆ ನಿಂತು ಬರೆದ ಮ್ಯೂರಲ್‌ಗಳು. ಆದರೆ ಕ್ರಾಯ್ಸ್‌ಬರ್ಗ್‌ನ ನಿಜವಾದ ಗದ್ದಲ ಇರುವುದು ಬೇರೆ ಕಡೆ. ಬಾಗಿಲು, ಪೋಸ್ಟ್ ಡಬ್ಬ, ಅಂಗಡಿ ಶಟರ್, ಎಲ್ಲಿ ನೋಡಿದರೂ ಟ್ಯಾಗ್. ಟ್ಯಾಗ್ ಅಂದರೆ ಒಂದೇ ಉಸಿರಿಗೆ ಗೀಚುವ ಸಹಿ. ಅದಕ್ಕಿಂತ ದೊಡ್ಡದು ಥ್ರೋ-ಅಪ್, ಉಬ್ಬಿದ ಪೂರಿಯಂಥ ಅಕ್ಷರಗಳು. ಬೆಳ್ಳಿ ಬಣ್ಣ ತುಂಬಿ ಕಪ್ಪು ಅಂಚು ಕಟ್ಟಿರುತ್ತಾರೆ. ಬೆಳ್ಳಿಯೇ ಯಾಕೆ ಅಂದರೆ ಅದು ಕೆಳಗಿನ ಬಣ್ಣವನ್ನು ಬೇಗ ಮುಚ್ಚುತ್ತದೆ, ಪೊಲೀಸರು ಬರುವುದರೊಳಗೆ ಮುಗಿಯುತ್ತದೆ. ಫೋಟೊ ತೆಗೆಯುವವರಿಗೆ ಮಾತ್ರ ಬೆಳ್ಳಿ ದೊಡ್ಡ ತಲೆನೋವು. ಬಿಸಿಲಿನಲ್ಲಿ ಸ್ಟೀಲ್ ಪಾತ್ರೆಯ ಹಾಗೆ ಹೊಳೆಯುತ್ತದೆ. ಕ್ಯಾಮೆರಾಗೆ ಬೀಳುವ ಬೆಳಕನ್ನು ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಇಳಿಸಿಕೊಂಡೇ ತೆಗೆಯಬೇಕು.

ಇನ್ನು ತಲೆ ಎತ್ತಿದರೆ ಐದಾರು ಮಹಡಿಯ ಕಟ್ಟಡದ ಮೇಲಿಂದ ಕೆಳಗಿನವರೆಗೆ ಇಳಿದುಬಂದ ಕೆಂಪು-ನೀಲಿ ಅಕ್ಷರಗಳು. ಬರ್ಲಿನ್ ಕಿಡ್ಸ್ ಅನ್ನುವ ಗುಂಪಿನವರ ಕೆಲಸ. ರಾತ್ರಿ ಹೊತ್ತು ಹಗ್ಗ ಕಟ್ಟಿಕೊಂಡು ಇಳಿಯುತ್ತಾ ಬರೆಯುತ್ತಾರೆ. ಬ್ರೆಜಿಲ್‌ನ ಸಾವೊ ಪಾವ್ಲೊದಲ್ಲಿ ಹೀಗೆ ಉದ್ದುದ್ದ ಅಕ್ಷರ ಬರೆಯುವ ರೂಢಿಯಿದೆ, ಅಲ್ಲಿಂದ ಕಲಿತದ್ದು. ಇದು ಶುದ್ಧ ಕಾನೂನುಬಾಹಿರ. ಮನೆ ಮಾಲೀಕನ ಜಾಗದಲ್ಲಿ ನಿಂತು ಯೋಚಿಸಿದರೆ ನನಗೂ ಸಿಟ್ಟು ಬರುತ್ತದೆ. ಆದರೂ ಕತ್ತು ನೋಯುವಷ್ಟು ಹೊತ್ತು ನೋಡಿದೆ.

ಹಾಗೆ ಮೇಲೆ ನೋಡುತ್ತಾ ಹಿಂದೆ ಹಿಂದೆ ಹೆಜ್ಜೆ ಇಟ್ಟವನು ಸೈಕಲ್ ದಾರಿಗೆ ಇಳಿದುಬಿಟ್ಟೆ. ಬರ್ಲಿನ್‌ನಲ್ಲಿ ಎಷ್ಟೋ ಕಡೆ ಫುಟ್‌ಪಾತ್‌ನಲ್ಲೇ ಕೆಂಪು ಪಟ್ಟಿ ಸೈಕಲ್‌ಗೆ. ಗೋಡೆ ಪೂರ್ತಿ ಫ್ರೇಮಿಗೆ ಬರಬೇಕಾದರೆ ನಿಲ್ಲಬೇಕಾದ ಜಾಗ ಪ್ರತಿ ಸಲವೂ ಸರಿಯಾಗಿ ಅದೇ. ಟ್ರಿಣ್ ಟ್ರಿಣ್. ಬೈಗುಳ. ಮತ್ತೆ ಟ್ರಿಣ್. ಸಂಜೆಯ ಹೊತ್ತಿಗೆ ಜರ್ಮನ್ ಬೈಗುಳದಲ್ಲಿ ನಾಲ್ಕು ಪದ ಕಲಿತಿದ್ದೆ. ಪುಟ್ಟಿ ಅರ್ಥ ಹೇಳಲು ಒಪ್ಪಲಿಲ್ಲ.

ಅದಕ್ಕಿಂತ ದೊಡ್ಡ ಮಂಗಳಾರತಿ ಕಾಟ್‌ಬುಸರ್ ಟೋರ್ ಹತ್ತಿರ ಆಯಿತು. ಒಂದು ಶಟರ್ ಮುಂದೆ ಒಬ್ಬರು ವಯಸ್ಸಾದವರು ಸಿಗರೇಟು ಸೇದುತ್ತಾ ಕೂತಿದ್ದರು. ಶಟರ್ ಮೇಲಿನ ಮೀನು, ಅವರ ಹೊಗೆ, ಎರಡೂ ಕೂಡಿ ಚೆನ್ನಾಗಿತ್ತು. ಕ್ಲಿಕ್ ಮಾಡಿದೆ. ಎದ್ದು ಬಂದೇ ಬಿಟ್ಟರು. ಪುಟ್ಟಿ ನಡುವೆ ನಿಂತು ಕ್ಷಮೆ ಕೇಳಿದಳು. ಅವರ ಕಣ್ಣೆದುರೇ ಫೋಟೊ ಅಳಿಸಿದ ಮೇಲೆ ಶಾಂತರಾದರು.

"ಇಲ್ಲಿ ಹಾಗೆಲ್ಲ ತೆಗೀಬಾರ್ದು ಮಾಮ. ಗೋಡೆ ಎಷ್ಟು ಬೇಕಾದ್ರೂ ತೆಗಿ. ಮನುಷ್ಯರನ್ನ ಕೇಳ್ಬೇಕು."

ರಾತ್ರಿ ಈ ಬಗ್ಗೆ ಓದಿದೆ. ವಿಚಿತ್ರವಾದ ಕಥೆ. 1898ರಲ್ಲಿ ಜರ್ಮನಿಯ ಮೊದಲ ಚಾನ್ಸಲರ್ ಬಿಸ್ಮಾರ್ಕ್ ತೀರಿಕೊಂಡಾಗ ಇಬ್ಬರು ಫೋಟೊಗ್ರಾಫರ್‌ಗಳು ರಾತ್ರಿ ಕೋಣೆಗೆ ನುಗ್ಗಿ ಹೆಣದ ಫೋಟೊ ತೆಗೆದರು. ಆ ಗಲಾಟೆಯಿಂದಾಗಿ ಮುಂದೆ 1907ರಲ್ಲಿ ಒಂದು ಕಾನೂನು ಬಂತು. ಒಬ್ಬರ ಮುಖದ ಚಿತ್ರವನ್ನು ಅವರ ಒಪ್ಪಿಗೆ ಇಲ್ಲದೆ ಪ್ರಕಟಿಸುವಂತಿಲ್ಲ. ಗೋಡೆಗೆ ಇನ್ನೊಂದು ನಿಯಮ. ರಸ್ತೆ, ಚೌಕದಲ್ಲಿ ಕಾಯಂ ಆಗಿ ಇರುವ ಕಲಾಕೃತಿಯನ್ನು ರಸ್ತೆಯಲ್ಲೇ ನಿಂತು ತೆಗೆದರೆ ಪ್ರಕಟಿಸಬಹುದು, ಮಾರಲೂಬಹುದು. ಎದುರು ಮನೆಯ ಕಿಟಕಿಯಿಂದ ತೆಗೆದರೆ ಇಲ್ಲ. ವಿಯೆನ್ನಾದಲ್ಲಿ ಕಲಾವಿದ ಹುಂಡರ್ಟ್‌ವಾಸರ್ ರೂಪಿಸಿದ ಮನೆಯ ಫೋಟೊ ಬಗ್ಗೆ 2003ರಲ್ಲಿ ಜರ್ಮನಿಯ ದೊಡ್ಡ ಕೋರ್ಟು ಹಾಗೇ ತೀರ್ಪು ಕೊಟ್ಟಿದೆ. ಸೈಕಲ್ ದಾರಿಯ ಬಗ್ಗೆ ಕೋರ್ಟು ಏನೂ ಹೇಳಿಲ್ಲ, ಅದೇ ಬೇಜಾರು.

ಅವತ್ತಿನ ಕೊನೆಯ ಗೋಡೆಯ ಬಗ್ಗೆ ಹೇಳದಿದ್ದರೆ ಆಗದು. ಮರಿಯಾನೆನ್ ರಸ್ತೆಯ ಗಗನಯಾತ್ರಿ. ವಿಕ್ಟರ್ ಆ್ಯಶ್ 2007ರಲ್ಲಿ ಬರೆದದ್ದು. 22 ಮೀಟರ್ ಎತ್ತರ. ಬಿಳಿ ಗೋಡೆ, ಕಪ್ಪು ಬಣ್ಣ, ಅಷ್ಟೇ. ಅಂಚಿನಲ್ಲಿ ಬಣ್ಣ ಇಳಿದುಹೋದ ಗೆರೆಗಳು. ಅಮೆರಿಕ-ರಷ್ಯಾ ಬಾಹ್ಯಾಕಾಶದಲ್ಲಿ ಪೈಪೋಟಿ ನಡೆಸುತ್ತಿದ್ದ ಕಾಲ ನೆನಪಿಸುವ ಚಿತ್ರ, ಎರಡೂ ಕಡೆಯವರು ಹಂಚಿಕೊಂಡಿದ್ದ ಊರಿನಲ್ಲಿ.

ನನಗೆ ನೆನಪಾಗಿದ್ದು ಮಾತ್ರ ಬೇರೆ ಗಗನಯಾತ್ರಿ. 2019ರ ಸೆಪ್ಟೆಂಬರ್, ಚಂದ್ರಯಾನ-2 ಇಳಿಯುವ ಸಮಯ. ನಮ್ಮ ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಒಂದು ಗುಂಡಿಬಿದ್ದ ರಸ್ತೆಯಲ್ಲಿ ಗಗನಯಾತ್ರಿ ವೇಷದ ಒಬ್ಬರನ್ನು ನಿಧಾನವಾಗಿ ನಡೆಸಿ ವಿಡಿಯೊ ಮಾಡಿದರು. ಚಂದ್ರನ ಮೇಲೇ ನಡೆಯುತ್ತಿದ್ದಾರೆ ಅನ್ನಬೇಕು, ಹಾಗಿತ್ತು. ಪಕ್ಕದಲ್ಲಿ ಆಟೊ ಬಂದಾಗಲೇ ಗುಟ್ಟು ರಟ್ಟು. ಅದಕ್ಕೂ ಮುಂಚೆ 2015ರಲ್ಲಿ ಅವರು ರಸ್ತೆಯ ದೊಡ್ಡ ಗುಂಡಿಯಲ್ಲಿ ಮೊಸಳೆ ಕೂರಿಸಿದ್ದರು. ಪುಟ್ಟಿಗೆ ಮೊಬೈಲಿನಲ್ಲಿ ಆ ವಿಡಿಯೊ ತೋರಿಸಿದೆ. ಮೂರು ಸಲ ನೋಡಿದಳು.

"ಆಟೊ ಬರದಿದ್ರೆ ಇದು ಏನೂ ಅಲ್ಲ ಅಲ್ವಾ ಮಾಮ?"

ಅವಳು ಹೇಳಿದ್ದು ಸರಿ. ಗಗನಯಾತ್ರಿಯನ್ನು ಬರೀ ಗೋಡೆಯಾಗಿ ತೆಗೆಯದೆ ರಸ್ತೆಯ ಮೂಲೆಗೆ ಹೋಗಿ ನಿಂತೆವು. ಸ್ಕಾಲಿಟ್ಸರ್ ರಸ್ತೆಯ ಮೇಲೆ, ಕಬ್ಬಿಣದ ಕಂಬಗಳ ಮೇಲೆ ಯು1 ರೈಲು ಓಡುತ್ತದೆ. ಹಳದಿ ರೈಲು ಬರುವವರೆಗೆ ಕಾದೆವು. ಹತ್ತನೇ ರೈಲಿಗೆ ಫೋಟೊ ಕೂಡಿತು. ಕೆಳಗೆ ಒಬ್ಬಳು ಹೆಂಗಸು ಸೌತೆಕಾಯಿ ಕಾಣುವ ಕೈಚೀಲ ಹಿಡಿದು ರಸ್ತೆ ದಾಟುತ್ತಿದ್ದಳು, ಮುಖ ಆ ಕಡೆ.

ಶನಿವಾರ

ಟಾಯ್ಫೆಲ್ಸ್‌ಬರ್ಗ್. ಹೆಸರಿನ ಅರ್ಥ ದೆವ್ವದ ಗುಡ್ಡ. ಎಸ್-ಬಾನ್ ರೈಲಿನಲ್ಲಿ ಹೀರ್‌ಸ್ಟ್ರಾಸ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ಕಾಡಿನ ದಾರಿಯಲ್ಲಿ ಅರ್ಧ ಗಂಟೆ ನಡೆಯಬೇಕು. 120 ಮೀಟರ್ ಎತ್ತರದ ಈ ಗುಡ್ಡ ನಿಜವಾದ ಗುಡ್ಡವಲ್ಲ. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಪುಡಿಯಾದ ಬರ್ಲಿನ್ ಮನೆಗಳ ಇಟ್ಟಿಗೆ, ಗಾರೆಯನ್ನು ತಂದು ಸುರಿದ ರಾಶಿ. ಅದರ ತಳದಲ್ಲಿ ನಾಜಿಗಳು ಅರ್ಧ ಕಟ್ಟಿದ್ದ ಸೈನಿಕ ಕಾಲೇಜು ಹೂತುಹೋಗಿದೆ. ರಾಶಿಯ ತುದಿಯಲ್ಲಿ ಅಮೆರಿಕ ಮತ್ತು ಬ್ರಿಟನ್‌ನವರು ಶೀತಲ ಸಮರದ ಕಾಲದಲ್ಲಿ ಪೂರ್ವದ ಕಡೆಯ ರೇಡಿಯೊ ಮಾತು ಕದ್ದು ಕೇಳಲು ಕೇಂದ್ರ ಮಾಡಿಕೊಂಡಿದ್ದರು. ಗೋಡೆ ಬಿದ್ದ ಮೇಲೆ ಅವರು ಹೋದರು. ಈಗ ಟಿಕೆಟ್ ಕೊಟ್ಟು ಒಳಗೆ ಹೋಗಿ ಗೋಡೆ ಚಿತ್ರ ನೋಡಬಹುದು.

ಇಷ್ಟೆಲ್ಲ ಇತಿಹಾಸ ಇದ್ದೂ ನನಗೆ ಅಷ್ಟಾಗಿ ರುಚಿಸಲಿಲ್ಲ. ಚಿತ್ರಗಳು ದೊಡ್ಡವು, ಕೈಕೆಲಸ ಅಚ್ಚುಕಟ್ಟು. ಆದರೆ ಇಲ್ಲಿ ಬೀದಿಯೇ ಇಲ್ಲ. ತರಕಾರಿ ಹಿಡಿದು ಹೋಗುವವರಿಲ್ಲ, ಬೈಯುವ ಸೈಕಲ್‌ನವರೂ ಇಲ್ಲ. ಚಿತ್ರ ನೋಡಲೆಂದೇ ಬಂದವರು ಚಿತ್ರ ನೋಡುತ್ತಿದ್ದರು. ನನಗೆ ಹಿಡಿಸಿದ್ದು ಗುಮ್ಮಟಗಳ ಬಿಳಿ ಹೊದಿಕೆ. ಹರಿದು ಜೋತುಬಿದ್ದು ಗಾಳಿಗೆ ಪಟಪಟ ಬಡಿಯುತ್ತಿತ್ತು, ಹಬ್ಬ ಮುಗಿದ ಮೇಲೂ ಬಿಚ್ಚದ ಶಾಮಿಯಾನದ ಹಾಗೆ.

ಮೇಲಿನವರೆಗೆ ಹತ್ತಲಿಲ್ಲ. ಪುಟ್ಟಿಯ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಲೆನ್ಸ್ ಒರೆಸುವ ಬಟ್ಟೆಯಿಂದ ಕಟ್ಟಿಕೊಂಡು ವಾಪಸ್ ನಡೆದೆವು.

ಭಾನುವಾರ

ಭಾನುವಾರ ಮೌವರ್‌ಪಾರ್ಕ್‌ಗೆ ಅರ್ಧ ಊರೇ ಬರುತ್ತದೆ. ಪಾರ್ಕಿನ ಒಂದು ಬದಿಗೆ ಸಂತೆ. ಹಳೇ ಕ್ಯಾಮೆರಾ, ಹಳೇ ಬೀಗ, ಯಾರದೋ ಅಜ್ಜಿಯ ಮದುವೆ ಫೋಟೊ, ಎಲ್ಲ ಮಾರಾಟಕ್ಕೆ. ಇನ್ನೊಂದು ಬದಿಗೆ ಬಯಲು ರಂಗಮಂದಿರದಂಥ ಮೆಟ್ಟಿಲುಗಳಲ್ಲಿ ಕೂತ ಜನರ ಮುಂದೆ ಯಾರು ಬೇಕಾದರೂ ಮೈಕು ಹಿಡಿದು ಹಾಡಬಹುದು. ದಿಬ್ಬದ ಮೇಲೆ, ಕ್ರೀಡಾಂಗಣದ ಪಕ್ಕಕ್ಕೆ, ಗೋಡೆ. ಇದು ಹೊರಗಿನ ಮುಖ್ಯ ಗೋಡೆಯಲ್ಲ. ಪೂರ್ವದವರು ತಮ್ಮದೇ ಜನ ಗಡಿಯ ಹತ್ತಿರ ಬರಬಾರದು ಅಂತ ಒಳಗೆ ಕಟ್ಟಿದ್ದ ಇನ್ನೊಂದು ಗೋಡೆ. ಇಲ್ಲಿ ಬಣ್ಣ ಬಳಿಯಲು ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಹಗಲು ಹೊತ್ತಿನಲ್ಲೇ, ಹಾಡು ಕೇಳುತ್ತಾ ಬರೆಯುತ್ತಾರೆ.

ಗೋಡೆಯ ಕಾಲಬುಡದಲ್ಲಿ ಬಣ್ಣದ ಹೆಕ್ಕಳೆಗಳು ಬಿದ್ದಿದ್ದವು. ಒಂದನ್ನು ಎತ್ತಿ ಅಡ್ಡಕ್ಕೆ ಹಿಡಿದು ನೋಡಿದೆ. ಬೆರಳಿನಷ್ಟು ದಪ್ಪ, ಪದರದ ಮೇಲೆ ಪದರ. ಹಸಿರು, ಬೆಳ್ಳಿ, ನೇರಳೆ, ಮತ್ತೆ ಬೆಳ್ಳಿ. ಒಂದೊಂದು ಪದರವೂ ಯಾರದೋ ಒಂದು ಇಡೀ ಭಾನುವಾರ. ಜೇಬಿಗೆ ಹಾಕಿಕೊಂಡೆ.

ಒಬ್ಬ ಹುಡುಗಿ ರೋಲರ್‌ನಿಂದ ಹಳೇ ಚಿತ್ರದ ಮೇಲೆ ಬಿಳಿ ಬಣ್ಣ ಎಳೆಯುತ್ತಿದ್ದಳು. ಮುಖಕ್ಕೆ ಮಾಸ್ಕು, ಕೈಗೆ ರಬ್ಬರ್ ಗ್ಲೌಸು. ಪುಟ್ಟಿಯನ್ನು ಕಳಿಸಿ ಕೇಳಿಸಿದೆ, ಫೋಟೊ ತೆಗೆಯಬಹುದಾ ಅಂತ. ಮುಖ ಬೇಡ, ಕೈ ಮತ್ತು ಗೋಡೆ ತೆಗೆಯಬಹುದು ಅಂದಳು. ಎರಡು ಗಂಟೆ ಅಲ್ಲೇ ಹುಲ್ಲಿನ ಮೇಲೆ ಕೂತೆ.

ಕೂತು ನೋಡಿದರೆ ಎಷ್ಟೋ ವಿಷಯ ತಿಳಿಯುತ್ತದೆ. ಮೊದಲು ಒಂದು ತಿಳಿ ಬಣ್ಣದಲ್ಲಿ ಆಕಾರ. ಆಮೇಲೆ ಡಬ್ಬಿಯ ಮೂತಿ ಬದಲು. ಅಗಲ ಮೂತಿಯಿಂದ ಒಳಗೆ ತುಂಬುವುದು, ಸಣ್ಣ ಮೂತಿಯಿಂದ ಗೆರೆ. ಗೋಡೆಗೆ ಹತ್ತಿರ ಹಿಡಿದರೆ ಗೆರೆ ಚೂಪು, ದೂರ ಹಿಡಿದರೆ ಹೊಗೆಯ ಹಾಗೆ ಹರಡುತ್ತದೆ. ಒಂದೇ ಕಡೆ ಜಾಸ್ತಿ ಹೊತ್ತು ನಿಂತರೆ ಬಣ್ಣ ಸೋರುತ್ತದೆ, ಅದಕ್ಕೇ ಕೈ ನಿಲ್ಲುವುದೇ ಇಲ್ಲ. ಇಡೀ ತೋಳು ಓಡುತ್ತದೆ. ನಾನು ಬೆರಳಿನ ಕೆಲಸ ಅಂದುಕೊಂಡಿದ್ದೆ. ಇದು ಭುಜದ ಕೆಲಸ.

ಸಂಜೆಗೆ ಮೂರು ಮೀಟರ್ ಉದ್ದದ ಒಂದು ಮೀನು ತಯಾರಾಯಿತು. ನೀಲಿ ಮೈ, ಕಿತ್ತಳೆ ಬಾಲ, ಸ್ವಲ್ಪ ಸೋಮಾರಿ ಕಣ್ಣು. ನಮ್ಮ ಮನೆಯ ಅಕ್ವೇರಿಯಂನಲ್ಲಿ ಇಂಥದೇ ಒಂದಿತ್ತು. ಅವಳು ಖಾಲಿ ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡು, ತನ್ನ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಂಡು ಹೊರಟಳು. ಸಹಿಯನ್ನೂ ಹಾಕಲಿಲ್ಲ. ಎಷ್ಟು ದಿನ ಇರುತ್ತೆ ಅಂತ ಪುಟ್ಟಿ ಕೇಳಿದ್ದಕ್ಕೆ ಭುಜ ಕುಣಿಸಿದಳು.

ಸೋಮವಾರ

ಬೆಳಿಗ್ಗೆ ಮಳೆ. ಯು2 ರೈಲಿನಲ್ಲಿ ನೊಲೆಂಡಾರ್ಫ್‌ಪ್ಲಾಟ್ಸ್‌ಗೆ ಹೋದೆವು. ಬ್ಯೂಲೋವ್ ರಸ್ತೆಯಲ್ಲಿ 2017ರಲ್ಲಿ ಶುರುವಾದ ಅರ್ಬನ್ ನೇಷನ್ ಅನ್ನುವ ಬೀದಿಕಲೆ ಮ್ಯೂಸಿಯಂ ಇದೆ. ಪ್ರವೇಶ ಉಚಿತ. ಆದರೆ ಸೋಮವಾರ ರಜೆ, ನಾನು ನೋಡಿಕೊಂಡು ಹೋಗಿರಲಿಲ್ಲ. ಹೊರಗಿನ ಗೋಡೆಗಳಿಗೆ ರಜೆ ಇಲ್ಲವಲ್ಲ, ಕೊಡೆ ಹಿಡಿದು ಅವನ್ನೇ ನೋಡಿದೆವು. ಮಳೆಯಲ್ಲಿ ಬಣ್ಣ ಗಾಢವಾಗುತ್ತದೆ. ಒದ್ದೆ ರಸ್ತೆಯಲ್ಲಿ ಚಿತ್ರದ ನೆರಳು ಬೀಳುತ್ತದೆ. ಲೆನ್ಸಿಗೆ ಹನಿ ಬೀಳದಿದ್ದರೆ ಮಳೆಗಿಂತ ಒಳ್ಳೆಯ ಬೆಳಕಿಲ್ಲ.

ಮಧ್ಯಾಹ್ನ ಹಾಕೆಷರ್ ಮಾರ್ಕ್ಟ್ ಹತ್ತಿರದ ರೋಸೆಂಥಾಲರ್ ರಸ್ತೆ, ಮನೆ ನಂಬರ್ 39. ಅಕ್ಕಪಕ್ಕದ ಕಟ್ಟಡಗಳೆಲ್ಲ ಹೊಸದಾಗಿ ಬಣ್ಣ ಹೊಡೆಸಿಕೊಂಡು ಥಳಥಳ. ಇದೊಂದು ಮಾತ್ರ ಗಾರೆ ಉದುರಿದ ಹಳೇ ಮನೆ. ಉದ್ದನೆಯ ಅಂಗಳಕ್ಕೆ ಕಾಲಿಟ್ಟರೆ ನೆಲ ಬಿಟ್ಟು ಎಲ್ಲ ಕಡೆ ಚಿತ್ರ, ಸ್ಟಿಕ್ಕರ್, ಪೇಸ್ಟ್-ಅಪ್. ಪೇಸ್ಟ್-ಅಪ್ ಅಂದರೆ ಮನೆಯಲ್ಲೇ ಕಾಗದದ ಮೇಲೆ ಬರೆದು ತಂದು ಗೋಡೆಗೆ ಅಂಟಿಸುವುದು. ಅಂಟು ಯಾವುದು ಅಂತೀರಿ? ಹಿಟ್ಟಿನ ಗೋಂದು. ಮೆಜೆಸ್ಟಿಕ್‌ನಲ್ಲಿ ರಾತ್ರೋರಾತ್ರಿ ಸಿನಿಮಾ ಪೋಸ್ಟರ್ ಅಂಟಿಸುವವರ ಬಕೆಟ್ಟಿನಲ್ಲಿ ಇರುತ್ತದಲ್ಲ, ಆ ಮೈದಾ ಅಂಟಿನ ಅಣ್ಣತಮ್ಮ. ವ್ಯತ್ಯಾಸ ಇಷ್ಟೇ, ಇಲ್ಲಿ ಅದನ್ನು ತಿನ್ನಲು ಹಸುಗಳಿಲ್ಲ. ಎಲ್ ಬೋಚೊ ಅನ್ನುವ ಕಲಾವಿದನ 'ಲಿಟಲ್ ಲೂಸಿ' ಒಂದು ಮೂಲೆಯಲ್ಲಿ ಸಿಕ್ಕಳು. ಮುದ್ದಾದ ಪುಟ್ಟ ಹುಡುಗಿ. ಅವಳಿಗಿರುವ ಒಂದೇ ಕೆಲಸ, ಬೇರೆ ಬೇರೆ ರೀತಿಯಲ್ಲಿ ಬೆಕ್ಕನ್ನು ಸಾಯಿಸುವುದು.

ಅಂಗಳದಲ್ಲಿ ಆಸ್ಟ್ರೇಲಿಯಾದ ಜಿಮ್ಮಿ ಸಿ ಬರೆದ ಆ್ಯನ್ ಫ್ರಾಂಕ್ ಮುಖವಿದೆ, ನಾಜಿಗಳಿಂದ ಅಡಗಿ ಕೂತು ಡೈರಿ ಬರೆದ ಯಹೂದಿ ಹುಡುಗಿ. ಸಣ್ಣ ಸಣ್ಣ ಬಣ್ಣದ ಚುಕ್ಕೆಗಳಿಂದ ಮೂಡಿದ ಮುಖ. ಹತ್ತಿರ ಹೋದರೆ ಬರೀ ಚುಕ್ಕೆ, ದೂರ ಬಂದರೆ ಹುಡುಗಿ. ಅದೇ ಅಂಗಳದಲ್ಲಿ ನಾಜಿಗಳ ಕಾಲದಲ್ಲಿ ಒಟ್ಟೊ ವೈಡ್ಟ್ ಅನ್ನುವವನ ಕಾರ್ಖಾನೆ ಇತ್ತು. ಪೊರಕೆ, ಬ್ರಷ್ ಕಟ್ಟುವ ಸಣ್ಣ ಕಾರ್ಖಾನೆ. ವೈಡ್ಟ್‌ಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಕೆಲಸಕ್ಕಿದ್ದವರಲ್ಲಿ ಹೆಚ್ಚಿನವರು ಕಣ್ಣು ಕಾಣದ, ಕಿವಿ ಕೇಳದ ಯಹೂದಿಗಳು. ಸೈನ್ಯಕ್ಕೆ ಬ್ರಷ್ ಬೇಕು, ಇವರಿಲ್ಲದಿದ್ದರೆ ಆಗದು ಅಂತ ಹೇಳಿ ಆದಷ್ಟು ದಿನ ಅವರನ್ನು ಉಳಿಸಿದ. ಒಂದು ಕುಟುಂಬವನ್ನು ಕೊನೆಯ ಕೋಣೆಯಲ್ಲಿಟ್ಟು ಬಾಗಿಲಿಗೆ ಬಟ್ಟೆ ಬೀರು ಅಡ್ಡ ನಿಲ್ಲಿಸಿದ್ದ. ಈಗ ಅದು ಮ್ಯೂಸಿಯಂ.

ಆ್ಯನ್ ಫ್ರಾಂಕ್ ಮುಖವನ್ನು ಮಾತ್ರ ತೆಗೆದರೆ ಇದ್ಯಾವುದೂ ಫೋಟೊದಲ್ಲಿ ಬರುವುದಿಲ್ಲ. ಹಿಂದೆ ಸರಿದೆ, ಇನ್ನೂ ಹಿಂದೆ ಸರಿದೆ. ಅಂಗಳ ಕಿರಿದು, ಬೆನ್ನಿಗೆ ಗೋಡೆ ತಗಲಿತು. 24 ಮಿ.ಮೀ. ಲೆನ್ಸಿನಲ್ಲಿ ಗೆರೆಗಳೆಲ್ಲ ಒಳಕ್ಕೆ ವಾಲಿದವು. ವಾಲಲಿ ಅಂದುಕೊಂಡೆ. ಮಳೆನೀರಿನ ಪೈಪು, ಕಸದ ಡಬ್ಬ, ಉದುರಿದ ಗಾರೆ, ಒದ್ದೆ ನೆಲ, ಅದರ ನಡುವೆ ಆ ಮುಖ. ಅಷ್ಟೂ ಬಂತು.

ರಾತ್ರಿ ಪುಟ್ಟಿ ಅದನ್ನು ನೋಡಿ ಏನೂ ಹೇಳಲಿಲ್ಲ. ಇನ್ನೊಂದು ಸೌಟು ಸಾರು ಹಾಕಿದಳು.

ಮಂಗಳವಾರ ಬೆಳಿಗ್ಗೆ

ವಿಮಾನ ಸಂಜೆಗಿತ್ತು. ಬ್ಯಾಗು ಕಟ್ಟಿಟ್ಟು ಎಂಟು ಗಂಟೆಗೆ ಮತ್ತೆ ಮೌವರ್‌ಪಾರ್ಕ್‌ಗೆ ಹೋದೆವು. ಮೀನಿನ ಎದುರು ನಿಂತು, ಪಾರ್ಕು, ಮರ, ಉಯ್ಯಾಲೆ ಎಲ್ಲ ಸೇರಿಸಿ ಒಂದು ಫೋಟೊ ತೆಗೆಯಬೇಕು ಅಂತ ನನ್ನ ಆಸೆ. ಭಾನುವಾರ ಅವಳ ಕೈ ನೋಡುವುದರಲ್ಲಿ ಅದು ಮರೆತೇ ಹೋಗಿತ್ತು.

ಮೀನು ಇರಲಿಲ್ಲ. ಅದರ ಮೇಲೆ ಬೂದು ಬಣ್ಣ ಬಂದಿತ್ತು, ಆ ಬೂದು ಬಣ್ಣದ ಮೇಲೆ ದೊಡ್ಡ ದೊಡ್ಡ ಹಸಿರು ಅಕ್ಷರಗಳು ಏಳುತ್ತಿದ್ದವು. ಮೂಲೆಯಲ್ಲಿ, ಹುಲ್ಲಿಗೆ ತಗಲುವ ಹಾಗೆ, ಕಿತ್ತಳೆ ಬಾಲದ ತುದಿಯೊಂದು ಉಳಿದಿತ್ತು. ಎರಡು ದಿನವೂ ತುಂಬಿರಲಿಲ್ಲ.

ಅಲ್ಯೂಮಿನಿಯಂ ಏಣಿಯ ಮೇಲೆ ಒಬ್ಬ ಹುಡುಗ ನಿಂತಿದ್ದ. ದಿಬ್ಬದ ನೆಲ ಇಳಿಜಾರು, ಏಣಿ ಅಲ್ಲಾಡುತ್ತಿತ್ತು. ನಾನು ಕ್ಯಾಮೆರಾ ಎತ್ತುವಷ್ಟರಲ್ಲಿ ಅವನು ಕೆಳಗೆ ನೋಡಿ ಏನೋ ಅಂದ.

"ಮಾಮ, ಒಂದು ನಿಮಿಷ ಏಣಿ ಹಿಡ್ಕೋತೀರಾ ಅಂತಿದ್ದಾನೆ."

ಹಿಡಿದುಕೊಂಡೆ. ಒಂದು ನಿಮಿಷ ಇಪ್ಪತ್ತು ನಿಮಿಷವಾಯಿತು. ಎರಡೂ ಕೈ ಏಣಿಗೆ, ಕ್ಯಾಮೆರಾ ಕೊರಳಲ್ಲಿ, ತಲೆ ಮೇಲೆ ಹಸಿರು ಬಣ್ಣದ ಸಣ್ಣ ತುಂತುರು. ಆ ಬೆಳಿಗ್ಗೆ ನಾನು ಒಂದೂ ಫೋಟೊ ತೆಗೆಯಲಿಲ್ಲ. ಇರುವುದು ಪುಟ್ಟಿಯ ಮೊಬೈಲಿನಲ್ಲಿ ಒಂದೇ. ಅದರಲ್ಲಿ ದಿಬ್ಬ ಇದೆ, ಉಯ್ಯಾಲೆ ಇದೆ, ಅರ್ಧ ಬರೆದ ಅಕ್ಷರ ಇದೆ. ಏಣಿ ಹಿಡಿದ ನನ್ನ ಬೆನ್ನು ಇದೆ, ಮೊಣಕಾಲಿನ ಪಕ್ಕ ಕಿತ್ತಳೆ ಬಾಲ.